ಮೈಯೊಳಗೆ ಯಂತ್ರ ಬಂದ ಮೇಲೆ ಅದರ ಬೀಗದ ಕೈ ಯಾರ ಹತ್ತಿರ ಇರಬೇಕು?

ಸಿದ್ದಾಪುರದವ

ಮನುಷ್ಯ ಮತ್ತು ಯಂತ್ರ ಒಂದಾಗುವ ಕಾಲ ಇನ್ನೇನು ಬಂದೇ ಬಿಡ್ತು ಅಂತ ಎಲ್ಲ ಕಡೆ ಮಾತು. ಅದು ಬಂದು ಬಹಳ ವರ್ಷ ಆಗಿದೆ ಅನ್ನುವುದು ನನ್ನ ಅಭಿಪ್ರಾಯ. 1958ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆರ್ನೆ ಲಾರ್ಸನ್ ಎಂಬುವವರ ಮೈಯೊಳಗೆ, ಹೃದಯದ ಬಡಿತ ನಡೆಸುವ ಮೊದಲ ಪೇಸ್‌ಮೇಕರ್ ಇಟ್ಟರು. ಅದು ಕೆಲವೇ ಗಂಟೆ ನಡೆಯಿತು. ಬದಲಿಸಿದರು, ಮತ್ತೆ ಬದಲಿಸಿದರು, ಒಟ್ಟು 26 ಉಪಕರಣ ಆಯಿತು. ಆಪರೇಷನ್ ಮಾಡಿದ ಓಕೆ ಸೆನ್ನಿಂಗ್, ಯಂತ್ರ ಮಾಡಿಕೊಟ್ಟ ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಇಬ್ಬರೂ ತೀರಿಕೊಂಡ ಮೇಲೂ ಲಾರ್ಸನ್ ಇದ್ದರು. 2001ರಲ್ಲಿ, 86ನೇ ವಯಸ್ಸಿನಲ್ಲಿ ಹೋದರು.

ನಮ್ಮ ಕೊಡಗು ಜಿಲ್ಲೆಯಲ್ಲೇ ನೋಡಿ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟುಕೊಂಡು ದಿನಾ ತೋಟ ಸುತ್ತುವ ಹಿರಿಯರು ಬೇಕಾದಷ್ಟು ಜನ ಇದ್ದಾರೆ. ಆನೆಗೆ ಹಾಕಿದ ಸೋಲಾರ್ ಬೇಲಿ ಮುಟ್ಟಬೇಡಿ ಅಂತ ಮನೆಯವರು ಅವರ ಹಿಂದೆಯೇ ಹೇಳಿಕೊಂಡು ಬರುತ್ತಾರೆ. ಇವರನ್ನು ಯಾರೂ ಅರ್ಧ ಯಂತ್ರ ಅಂತ ಕರೆಯುವುದಿಲ್ಲ. ಕರೆಯಬೇಕಾಗಿಯೂ ಇಲ್ಲ.

ನನ್ನ ತಲೆ ತಿನ್ನುತ್ತಿರುವ ವಿಷಯ ಬೇರೆ. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ಕಣ್ಣು ಕಾಣದವರಿಗೆ ಆರ್ಗಸ್ 2 ಅಂತ ಒಂದು ಇಂಪ್ಲಾಂಟ್, ಅಂದರೆ ಮೈಯೊಳಗೆ ಇಡುವ ಉಪಕರಣ ಮಾಡಿತು. ಕನ್ನಡಕದಲ್ಲಿ ಒಂದು ಕ್ಯಾಮೆರಾ, ಕಣ್ಣಿನೊಳಗೆ ಒಳಪರದೆ (ರೆಟಿನಾ) ಮೇಲೆ ವಿದ್ಯುತ್ ಸಂಕೇತ ಕೊಡುವ 60 ಸಣ್ಣ ತುದಿ, ಅಂದರೆ ಎಲೆಕ್ಟ್ರೋಡ್. ಮುಖ ಕಾಣುವುದಿಲ್ಲ. ಬಾಗಿಲು ಎಲ್ಲಿದೆ, ರಸ್ತೆ ಅಂಚು ಎಲ್ಲಿದೆ ಅನ್ನುವುದು ಬೆಳಕಿನ ಚುಕ್ಕೆಗಳಾಗಿ ಕಾಣುತ್ತದೆ, ಅಷ್ಟೇ. 2011ರಲ್ಲಿ ಯುರೋಪಿನಲ್ಲಿ, 2013ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 350ಕ್ಕಿಂತ ಜಾಸ್ತಿ ಜನ ಹಾಕಿಸಿಕೊಂಡರು. 2019ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು, ಮರುವರ್ಷ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. ಅದಕ್ಕೂ ಮೊದಲೇ ಒಬ್ಬ ಹೆಂಗಸು ನ್ಯೂಯಾರ್ಕ್‌ನ ಮೆಟ್ರೋ ನಿಲ್ದಾಣದಲ್ಲಿ ರೈಲು ಬದಲಿಸುವಾಗ ಅವರ ಉಪಕರಣ ಬೀಪ್ ಅಂದು ನಿಂತೇ ಹೋಯಿತು. ಯಂತ್ರ ಕಣ್ಣೊಳಗೇ ಉಳಿಯಿತು. ಕಂಪನಿ ಕೈಬಿಟ್ಟ ಮೇಲೆ ಹಾಕಿಸಿಕೊಂಡ ಉಳಿದವರಿಗೂ ರಿಪೇರಿ ಮಾಡುವವರಿಲ್ಲ, ಬಿಡಿಭಾಗ ಇಲ್ಲ ಅನ್ನುವಂತಾಯಿತು.

ಯಂತ್ರ ನಮ್ಮನ್ನು ಆಳುತ್ತದಾ ಅಂತ ಎಲ್ಲರೂ ಕೇಳುತ್ತಿದ್ದಾರೆ. ನನ್ನ ಪ್ರಶ್ನೆ ಇಷ್ಟೇ. ಮೈಯೊಳಗೆ ಸೇರಿಕೊಂಡ ವಸ್ತುವಿನ ಬೀಗದ ಕೈ ಯಾರ ಹತ್ತಿರ ಇರಬೇಕು?


ಸೋಮವಾರಪೇಟೆ ಅಮ್ಮ

ಅಣ್ಣ, ಇದು ನಮ್ಮ ಮನೆಯ ವಿಷಯ, ಹಾಗಾಗಿ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಕಾಕ್ಲಿಯರ್ ಇಂಪ್ಲಾಂಟ್ ಆಗಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇದು ಶಬ್ದ ಜೋರು ಮಾಡುವ ಹಿಯರಿಂಗ್ ಏಡ್ ಅಲ್ಲ. ಕಿವಿ ಹಿಂದೆ ಒಂದು ಪ್ರೊಸೆಸರ್ ಕೂತಿರುತ್ತದೆ, ಮೈಕು ಅದರಲ್ಲೇ ಇದೆ. ಅಲ್ಲಿಂದ ಒಂದು ಸಣ್ಣ ವೈರು ಹೋಗಿ ತಲೆಯ ಮೇಲೆ ಕಾಯಿಲ್ ಎಂಬ ಬಿಲ್ಲೆಯಂಥದ್ದು ಅಂಟುತ್ತದೆ. ಚರ್ಮದ ಕೆಳಗೂ ಒಂದು ಮ್ಯಾಗ್ನೆಟ್ ಇದೆ, ಅದಕ್ಕೇ ನಿಲ್ಲುತ್ತದೆ. ಒಳಗಿನ ಭಾಗದಿಂದ ಎಲೆಕ್ಟ್ರೋಡ್‌ಗಳ ಎಳೆ ಒಳಗಿವಿಯ ಬಸವನಹುಳು ಆಕಾರದ ಜಾಗಕ್ಕೆ ಹೋಗುತ್ತದೆ. ಮಗನಿಗೆ ಇರುವುದು 22. ಹುಟ್ಟಾ ನಮಗಿರುವ ಕೇಳುವ ಕೋಶಗಳು ಸಾವಿರಗಟ್ಟಲೆ. ಅಷ್ಟು ಕೆಲಸವನ್ನು ಈ 22 ಮಾಡಬೇಕು, ಉಳಿದದ್ದನ್ನು ಮಗುವಿನ ಮೆದುಳೇ ಕಲಿತುಕೊಳ್ಳಬೇಕು. ಕಲಿಯುತ್ತದೆ. ಬೇಗ ಹಾಕಿಸಿದಷ್ಟೂ ಚೆನ್ನಾಗಿ ಕಲಿಯುತ್ತದೆ.

ಮಗ ಈಗ ಮಾತಾಡುತ್ತಾನೆ, ಜಗಳವನ್ನೂ ಆಡುತ್ತಾನೆ. ಪುತ್ತರಿ ಸುಗ್ಗಿ ಹಬ್ಬದ ಸಮಯದಲ್ಲಿ ಪಕ್ಕದ ಕೊಡವ ಕುಟುಂಬದ ಹಿರಿಮನೆ ಐನ್‌ಮನೆಯಲ್ಲಿ ದುಡಿ ಬಾರಿಸಿ ಹಾಡುವಾಗ ಅವನನ್ನು ನೋಡಬೇಕು. ತಾಳ ಸರಿಯಾಗಿ ಹಿಡಿಯುತ್ತಾನೆ, ಕೈ ತಪ್ಪುವುದೇ ಇಲ್ಲ. ಆದರೆ ರಾಗ ಅವನಿಗೆ ಸಿಗುವುದಿಲ್ಲ. ಯಾರ ಹಾಡಾದರೂ ಒಂದೇ ಥರ ಅನ್ನುತ್ತಾನೆ. ಇಂಪ್ಲಾಂಟ್‌ನಲ್ಲಿ ಲಯ ಚೆನ್ನಾಗಿ ದಾಟುತ್ತದೆ, ಸ್ವರದ ಏರಿಳಿತ ದಾಟುವುದು ಕಷ್ಟ ಅಂತ ಕಿವಿ ಕೇಳುವುದನ್ನು ನೋಡುವ ತಜ್ಞರು, ಆಡಿಯಾಲಜಿಸ್ಟ್, ಮೊದಲೇ ಹೇಳಿದ್ದರು.

ಕಷ್ಟ ಇರುವುದು ಜೂನ್‌ನಿಂದ ಸೆಪ್ಟೆಂಬರ್ ತನಕ. ನಮ್ಮ ಮಳೆ ನಿಮಗೆಲ್ಲ ಗೊತ್ತು, ಬಟ್ಟೆ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಪ್ರೊಸೆಸರ್‌ಗೆ ತೇವ ತಾಳಲು ಆಗುವುದೇ ಇಲ್ಲ. ದಿನಾ ರಾತ್ರಿ ಡ್ರೈ ಬಾಕ್ಸ್‌ನಲ್ಲಿ ಇಡಬೇಕು. ಮರ ಬಿದ್ದು ಕರೆಂಟು ಹೋದರೆ ದಿನಗಟ್ಟಲೆ ಬರುವುದಿಲ್ಲ, ಆಗ ಚಾರ್ಜ್ ಬ್ಯಾಟರಿ ಬಿಟ್ಟು ಬಿಸಾಡುವ ಬ್ಯಾಟರಿ ಹಾಕಬೇಕು, ಅದು ಒಂದೆರಡು ದಿನಕ್ಕೇ ಮುಗಿಯುತ್ತದೆ. ಒಮ್ಮೆ ಆ ಸಣ್ಣ ವೈರು ಹಾಳಾಯಿತು. ಬರೀ ವೈರು. ಮಾರುವವರು ಇವತ್ತು ನಾಳೆ ಅಂತ ಸತಾಯಿಸಿದರು. ಆ ದಿನಗಳೆಲ್ಲ ಮಗು ಶಾಲೆಯಲ್ಲಿ ಏನೂ ಕೇಳದೆ ಕೂತಿತ್ತು. ಬೇರೆ ಕಂಪನಿಯ ವೈರು ಇದಕ್ಕೆ ಆಗುವುದಿಲ್ಲ. ನಮ್ಮ ಊರಿನ ಯಾವ ರಿಪೇರಿಯವನೂ ಮುಟ್ಟುವ ಹಾಗಿಲ್ಲ.

ಬೀಗದ ಕೈ ನನ್ನ ಹತ್ತಿರ ಇಲ್ಲ ಅಂತ ಅವತ್ತು ನನಗೆ ಅರ್ಥವಾಯಿತು.


ಪೊನ್ನಂಪೇಟೆ ಇಂಜಿನಿಯರಿಂಗ್

ಅಕ್ಕ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ಇದನ್ನು ವಿಲೀನ ಅಂತ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಇದು ಚಿಕಿತ್ಸೆ. ನಿಜವಾದ ಬದಲಾವಣೆ ಮೆದುಳಿಗೇ ಕಂಪ್ಯೂಟರ್ ಜೋಡಿಸಿದಾಗ ಆಗುವುದು. 2004ರಲ್ಲೇ ಬ್ರೈನ್‌ಗೇಟ್ ತಂಡದವರು ಕೈಕಾಲು ಆಡದ ಒಬ್ಬ ಯುವಕನ ಮೆದುಳಿಗೆ 96 ಎಲೆಕ್ಟ್ರೋಡ್ ಇಟ್ಟು, ಬರೀ ಯೋಚನೆಯಿಂದ ಪರದೆಯ ಮೇಲೆ ಬಾಣದ ಗುರುತು ಓಡಾಡುವ ಹಾಗೆ ಮಾಡಿದ್ದರು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಮೊದಲ ಮನುಷ್ಯನಿಗೆ ಹಾಕಿತು. 64 ಎಳೆ, 1024 ಎಲೆಕ್ಟ್ರೋಡ್. ಆತ ಚೆಸ್ ಆಡಿದ್ದನ್ನು ಎಲ್ಲರೂ ನೋಡಿದರು.

ಆಮೇಲೆ ನಡೆದದ್ದನ್ನು ಜಾಸ್ತಿ ಜನ ಓದಲಿಲ್ಲ. ಕೆಲವೇ ವಾರಗಳಲ್ಲಿ ಆ ಎಳೆಗಳಲ್ಲಿ ಹೆಚ್ಚಿನವು ಮೆದುಳಿನಿಂದ ಹಿಂದೆ ಸರಿದವು. ಮೆದುಳು ಮೆತ್ತಗಿನ ವಸ್ತು, ಬುರುಡೆಯೊಳಗೆ ಸ್ವಲ್ಪ ಸ್ವಲ್ಪ ಅಲುಗಾಡುತ್ತಲೇ ಇರುತ್ತದೆ. ಆಗ ಅವರು ಮತ್ತೆ ಆಪರೇಷನ್ ಮಾಡಲಿಲ್ಲ. ಉಳಿದ ಎಲೆಕ್ಟ್ರೋಡ್‌ಗಳ ಸಂಕೇತವನ್ನೇ ಇನ್ನೂ ಚೆನ್ನಾಗಿ ಓದುವ ಹಾಗೆ ಸಾಫ್ಟ್‌ವೇರ್ ಬದಲಿಸಿದರು, ವೇಗ ಮೊದಲಿಗಿಂತ ಜಾಸ್ತಿಯೇ ಆಯಿತು. ಅಂದರೆ ಒಳಗಿನ ತಂತಿಗಿಂತ ಹೊರಗಿನ ಲೆಕ್ಕಾಚಾರಕ್ಕೇ ಶಕ್ತಿ ಜಾಸ್ತಿ. ಇವತ್ತಲ್ಲ ನಾಳೆ ಕೃತಕ ಬುದ್ಧಿಮತ್ತೆ ನೇರ ನಮ್ಮ ಯೋಚನೆಗೇ ಜೊತೆಯಾಗುತ್ತದೆ. ನನಗೆ ಅದರಲ್ಲಿ ಭಯ ಇಲ್ಲ, ಆಸೆ ಇದೆ.


ಮಾಜಿ ಸುಬೇದಾರ್

ಮಗನೇ, ಆಸೆ ಇರಲಿ. ನಿನ್ನ ವಯಸ್ಸಿಗೆ ಆಸೆಯೇ ಚೆಂದ.

ನನ್ನ ಎಡಗಾಲು ಮೊಣಕಾಲಿನ ಮೇಲಿಂದ ಇಲ್ಲ. ಪುಣೆಯ ಕೃತಕ ಅಂಗ ಕೇಂದ್ರದಲ್ಲಿ ಹೊಸ ಕಾಲು ಹಾಕಿ ನಡೆಯಲು ಕಲಿಸಿದರು. ಸೈನ್ಯಕ್ಕಾಗಿ 1944ರಿಂದ ಇರುವ ಸಂಸ್ಥೆ ಅದು. ಈಗ ಮೈಕ್ರೋಪ್ರೊಸೆಸರ್ ಇರುವ ಮಂಡಿ ಬಂದಿದೆ. 1997ರಲ್ಲಿ ಜರ್ಮನಿಯ ಆಟೋಬಾಕ್ ಕಂಪನಿ ಸಿ-ಲೆಗ್ ಅಂತ ತಂದಿತು. ಮಂಡಿ ಎಷ್ಟು ಮಡಚಿದೆ, ಭಾರ ಎಲ್ಲಿ ಬೀಳುತ್ತಿದೆ ಅಂತ ಸೆನ್ಸರ್ ನೋಡುತ್ತಾ ಇರುತ್ತದೆ, ಅದಕ್ಕೆ ತಕ್ಕ ಹಾಗೆ ಒಳಗಿನ ಎಣ್ಣೆಯ ಒತ್ತಡ ಬಿಗಿ ಸಡಿಲ ಆಗುತ್ತದೆ. ಎಡವಿದರೆ ಮಂಡಿ ತಾನೇ ಗಟ್ಟಿಯಾಗಿ ಹಿಡಿಯುತ್ತದೆ. ಹಾಕಿಕೊಂಡು ನೋಡಿದ್ದೇನೆ. ಮೆಟ್ಟಿಲು ಇಳಿಯುವಾಗ ಕಾಲು ನನ್ನ ಜೊತೆ ಯೋಚನೆ ಮಾಡುತ್ತಿದೆ ಅನ್ನಿಸಿತು. ಸುಳ್ಳು ಹೇಳುವುದಿಲ್ಲ, ಕಣ್ಣಲ್ಲಿ ನೀರು ಬಂತು.

ಆದರೆ ನನ್ನ ತೋಟ ಇಳಿಜಾರು. ಮಳೆಗಾಲದಲ್ಲಿ ಕೆಸರು, ಕಾಫಿ ಗಿಡದ ಕೆಲಸದ ಸಮಯದಲ್ಲಿ ದಿನವಿಡೀ ಅದರಲ್ಲೇ ನಿಲ್ಲಬೇಕು. ನೀರು ತಡೆಯುವಂಥವೂ ಈಗ ಬಂದಿವೆ, ಬೆಲೆ ಕೇಳಿದರೆ ಒಂದು ಜೀಪು ಬರುತ್ತದೆ. ಹಾಳಾದರೆ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೋ ಇನ್ನೆಲ್ಲಿಗೋ ಕಳಿಸಬೇಕು. ತೋಟಕ್ಕೆ ನಾನು ಹಾಕುವುದು ಹಳೆಯ ಕಾಲನ್ನೇ. ಅದರ ಬೋಲ್ಟು ಸಡಿಲವಾದರೆ ಗೋಣಿಕೊಪ್ಪದಲ್ಲಿ ಸರಿಯಾಗುತ್ತದೆ, ಎಷ್ಟೋ ಸಲ ನಾನೇ ಬಿಗಿದುಕೊಳ್ಳುತ್ತೇನೆ.

ಜೈಪುರ ಪಾದ ನೆನಪಿಸಿಕೊಳ್ಳಿ. 1968ರಲ್ಲಿ ಡಾಕ್ಟರ್ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ್ದು. ಅದನ್ನು ಹಾಕಿಕೊಂಡು ಬರಿಗಾಲಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು, ಗದ್ದೆಗೆ ಇಳಿಯಬಹುದು. ನಮ್ಮ ಜನ ಹೇಗೆ ಬದುಕುತ್ತಾರೆ ಅಂತ ನೋಡಿ ಮಾಡಿದ ಕಾಲು. ಮೆದುಳಿಗೆ ಹಾಕುವ ಯಂತ್ರವನ್ನೂ ಯಾರಾದರೂ ಹಾಗೆ ಯೋಚಿಸಿ ಮಾಡುತ್ತಿದ್ದಾರಾ?


ತಕ್ಕ್ ಉಳಿಸಿ

ಸುಬೇದಾರ್ ಸಾರ್ ಕೇಳಿದ ಪ್ರಶ್ನೆ ನನ್ನನ್ನು ಬರೆಯಲು ಎಬ್ಬಿಸಿತು.

ಮಾತು ನಿಂತುಹೋದವರ ಮೆದುಳಿನಿಂದ ಮಾತು ಓದುವ ಕೆಲಸ ಬಹಳ ಮುಂದೆ ಹೋಗಿದೆ. 2023ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಎಎಲ್‌ಎಸ್ ಎಂಬ, ಸ್ನಾಯುಗಳ ಶಕ್ತಿ ನಿಧಾನಕ್ಕೆ ಹೋಗುವ ಕಾಯಿಲೆಯ ಒಬ್ಬ ಹೆಂಗಸಿಗೆ ನಿಮಿಷಕ್ಕೆ 62 ಪದದ ವೇಗ ತಂದುಕೊಟ್ಟರು. 2024ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇನ್ನೊಬ್ಬರಿಗೆ 97 ಶೇಕಡಾ ಪದ ಸರಿ ಬಂತು. ಕಾಯಿಲೆಗೆ ಮೊದಲು ರೆಕಾರ್ಡ್ ಆಗಿದ್ದ ಅವರದೇ ಧ್ವನಿಯಲ್ಲಿ ಕಂಪ್ಯೂಟರ್ ಅದನ್ನು ಓದಿ ಹೇಳಿತು, ಕೇಳಿದವರು ಅತ್ತರು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಅದು ಹೇಗೆ ನಡೆಯುತ್ತದೆ ಅಂತ ನೋಡಿ. ತುಟಿ, ನಾಲಿಗೆ, ಗಂಟಲು ಆಡಿಸಲು ಮೆದುಳು ಕೊಡುವ ಸಂಕೇತವನ್ನು ಎಲೆಕ್ಟ್ರೋಡ್ ಹಿಡಿಯುತ್ತದೆ. ಕಂಪ್ಯೂಟರ್ ಅದರಿಂದ ಇಂಗ್ಲಿಷಿನ 39 ಧ್ವನಿಗಳಲ್ಲಿ ಯಾವುದಿರಬಹುದು ಅಂತ ಊಹಿಸುತ್ತದೆ. ಈ ಊಹೆಯಲ್ಲಿ ತಪ್ಪು ಬಹಳ. ಅದಕ್ಕೇ ಮೇಲೊಂದು ಭಾಷಾ ಮಾದರಿ ಕೂತು, ಈ ಪದದ ನಂತರ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಅಂತ ತೂಗಿ ವಾಕ್ಯ ಸರಿ ಮಾಡುತ್ತದೆ. ನೀವು ಹೇಳಹೊರಟದ್ದರ ಒಂದು ಪಾಲು ಮೆದುಳಿನಿಂದ ಬರುತ್ತದೆ, ಇನ್ನೊಂದು ಪಾಲು ಲಕ್ಷಾಂತರ ಬೇರೆಯವರು ಬರೆದದ್ದರಿಂದ.

ಈಗ ಕೊಡವ ತಕ್ಕ್ ಮಾತಾಡುವ ನಮ್ಮ ಅಜ್ಜಿಯನ್ನು ಅಲ್ಲಿ ಮಲಗಿಸಿ. 2011ರ ಜನಗಣತಿಯಲ್ಲಿ ನಮ್ಮ ಭಾಷೆ ಮಾತಾಡುವವರು ಸುಮಾರು 1 ಲಕ್ಷ 13 ಸಾವಿರ. ಯುನೆಸ್ಕೋ ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮ ಕೆಲವು ಸ್ವರಗಳು ಕನ್ನಡದಲ್ಲೂ ಇಲ್ಲ, ಕನ್ನಡ ಅಕ್ಷರದಲ್ಲಿ ಬರೆಯಲೂ ತಿಣುಕಬೇಕು. ಯಂತ್ರಕ್ಕೆ ನಮ್ಮ ಮಾತು ಗೊತ್ತಿಲ್ಲದಿದ್ದರೆ ಏನು ಮಾಡುತ್ತದೆ? ಸುಮ್ನೆ ಇರುವುದಿಲ್ಲ. ತನಗೆ ಗೊತ್ತಿರುವ ಭಾಷೆಯ ಹತ್ತಿರದ ಪದಕ್ಕೆ ಎಳೆದುಕೊಂಡು ಹೋಗುತ್ತದೆ. ಅಜ್ಜಿ ಒಂದು ಹೇಳಿದರೆ ಮನೆಯವರಿಗೆ ಕೇಳುವುದು ಇನ್ನೊಂದು. ಅಜ್ಜಿಗೆ ಅದನ್ನು ಅಲ್ಲಗಳೆಯಲೂ ಅದೇ ಯಂತ್ರ ಬೇಕು.

ಪೊನ್ನಂಪೇಟೆ ತಮ್ಮ ಹೇಳಿದ ಜೊತೆಯಾಗುವ ಬುದ್ಧಿ ಇದೇ ಅಲ್ವಾ? ಯಾರ ಮಾತನ್ನು ಕೇಳಿ ಬೆಳೆದ ಬುದ್ಧಿ ಅದು ಅನ್ನುವುದೇ ನನ್ನ ಚಿಂತೆ.


ಭಾಗಮಂಡಲ ಕಡೆಯವಳು

ಅರೆಭಾಷೆಯವರನ್ನೂ ಸೇರಿಸಿಕೊಳ್ಳಿ ಅಣ್ಣ. ಯರವರ ಮಾತನ್ನೂ, ಜೇನುಕುರುಬರ ಮಾತನ್ನೂ. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಎಷ್ಟು ಭಾಷೆ ಇದೆ ಅಂತ ಕೂತು ಎಣಿಸಿದವರಿಲ್ಲ.

ನಮ್ಮ ದೊಡ್ಡಮ್ಮನಿಗೆ ಪಾರ್ಶ್ವವಾಯು ಆಗಿ ಮಾತು ಹೋಯಿತು. ಮೊದಲು ಕನ್ನಡವೂ ಚೆನ್ನಾಗಿ ಬರುತ್ತಿತ್ತು. ಆಮೇಲೆ ಮರಳಿ ಬಂದದ್ದು ಅರೆಭಾಷೆಯ ನಾಲ್ಕಾರು ಪದ ಮಾತ್ರ. ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮುಖ ನೋಡುತ್ತಾ ಕೂರುತ್ತಿದ್ದರು, ಏನೂ ತಿಳಿಯುತ್ತಿಲ್ಲ ಅಂತ ಬರೆದುಕೊಂಡು ಹೋದರು. ನಾನು ನಮ್ಮ ಮಾತಲ್ಲಿ ಕೇಳಿದ ಕೂಡಲೇ ತಲೆಯಾಡಿಸಿದರು. ಈ ಮೆದುಳಿನ ಯಂತ್ರ ಇಂಥವರಿಗೆ ಆಗುತ್ತದಾ?


ಪೊನ್ನಂಪೇಟೆ ಇಂಜಿನಿಯರಿಂಗ್

ಅಕ್ಕ, ಸದ್ಯಕ್ಕೆ ಅದು ಬೇರೆ ಥರದ ತೊಂದರೆಗೆ. ಈಗಿನ ಪ್ರಯೋಗಗಳಲ್ಲಿ ಇರುವವರಿಗೆ ಭಾಷೆ ಪೂರ್ತಿ ಇದೆ, ಬಾಯಿ ಗಂಟಲು ಮಾತ್ರ ಆಡುವುದಿಲ್ಲ. ನಿಮ್ಮ ದೊಡ್ಡಮ್ಮನಿಗೆ ಪೆಟ್ಟು ಬಿದ್ದದ್ದು ಭಾಷೆಯ ಜಾಗಕ್ಕೇ ಇರಬೇಕು. ಅಲ್ಲಿ ಓದಲು ಸಿಗುವ ಸಂಕೇತವೇ ಕಲಸಿಹೋಗಿರುತ್ತದೆ. ಅಂಥವರಿಗೆ ಈಗಲೂ ಸ್ಪೀಚ್ ಥೆರಪಿಯೇ ದಾರಿ, ಅದೂ ಅವರ ಮನೆಮಾತಿನಲ್ಲೇ ಆಗಬೇಕು.

ತಕ್ಕ್ ಅಣ್ಣ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ದಾರಿ ಇದೆ. ಯಂತ್ರಕ್ಕೆ ನಮ್ಮ ಭಾಷೆ ಗೊತ್ತಾಗಬೇಕಾದರೆ ನಮ್ಮ ಮಾತು ಗಂಟೆಗಟ್ಟಲೆ ರೆಕಾರ್ಡ್ ಆಗಿ, ಬರಹದ ಜೊತೆ ಜೋಡಿಸಿ ಇರಬೇಕು. ಮಡಿಕೇರಿಯಲ್ಲಿ ಕೊಡವ ಸಾಹಿತ್ಯ ಅಕಾಡೆಮಿ ಇದೆ, ಅರೆಭಾಷೆ ಅಕಾಡೆಮಿಯೂ ಇದೆ. ಕೆಲಸ ಅಲ್ಲಿಂದ ಶುರುವಾಗಬಹುದು. ದುಡಿ ಬಾರಿಸಿ ಹಾಡುವ ಬಾಳೋಪಾಟ್ ಮಾತ್ರ ಸಾಲದು. ಸಂತೆಯ ಮಾತು ಬೇಕು, ಜಗಳದ ಮಾತು ಬೇಕು, ನೋವು ಎಲ್ಲಿದೆ ಅಂತ ಹೇಳುವ ಮಾತು ಬೇಕು.


ತಕ್ಕ್ ಉಳಿಸಿ

ಸರಿ ತಮ್ಮ. ಆದರೆ ಆ ರೆಕಾರ್ಡಿಂಗ್ ನಮ್ಮಲ್ಲೇ ಇರಬೇಕು. ಪುಕ್ಕಟೆ ಕೊಟ್ಟು ಆಮೇಲೆ ನಮ್ಮ ಅಜ್ಜಿಯ ಮಾತನ್ನು ನಮಗೇ ತಿಂಗಳ ಬಾಡಿಗೆಗೆ ಕೊಡುವ ಹಾಗೆ ಆಗಬಾರದು.


ಮಡಿಕೇರಿ ವಕೀಲೆ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

ಮೆದುಳಿನ ಖಾಸಗಿತನದ ಬಗ್ಗೆ ನಮ್ಮ ದೇಶದಲ್ಲಿ ಒಂದು ಗಟ್ಟಿ ತೀರ್ಪು ಇದೆ, ಅದೂ ನಮ್ಮ ರಾಜ್ಯದ ಪ್ರಕರಣ. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ, 2010. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಯಂತ್ರ, ತಲೆಗೆ ಎಲೆಕ್ಟ್ರೋಡ್ ಹಾಕಿ ನೆನಪು ಪತ್ತೆ ಮಾಡುವ ಪರೀಕ್ಷೆ, ಈ ಮೂರನ್ನೂ ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಅನ್ನುವ ಸಂವಿಧಾನದ 20(3)ನೇ ವಿಧಿಯನ್ನು ಕೋರ್ಟು ತಲೆಯೊಳಗಿನವರೆಗೂ ಒಯ್ದಿತು. ಚಿಲಿ ದೇಶ 2021ರಲ್ಲಿ ಮೆದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ತಲೆಗೆ ಹಾಕಿಕೊಳ್ಳುವ ಪಟ್ಟಿ ಮಾರುವ ಎಮೋಟಿವ್ ಕಂಪನಿಗೆ, ಒಬ್ಬ ಮಾಜಿ ಸೆನೆಟರ್‌ನ ಮೆದುಳಿನ ದತ್ತಾಂಶ ಅಳಿಸಿಹಾಕು ಅಂತ ಆದೇಶ ಕೊಟ್ಟಿತು.

ಆದರೆ ರಿಪೇರಿ ವಿಷಯಕ್ಕೆ ಬಂದರೆ ನನಗೆ ಬೇಸರವಾಗುತ್ತದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು. ನಾಲ್ಕು ವಲಯ ಆರಿಸಿಕೊಂಡರು: ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ. ಮೈಯೊಳಗಿನ ಯಂತ್ರ ಅದರಲ್ಲಿಲ್ಲ. ತೋಟದಲ್ಲಿ ಕಳೆ ಹೊಡೆಯುವ ಮೆಷಿನ್ ರಿಪೇರಿ ಬಗ್ಗೆ ಸರ್ಕಾರ ಯೋಚಿಸಿದೆ, ಸೋಮವಾರಪೇಟೆ ಅಕ್ಕನ ಮಗನ ಕಿವಿ ಬಗ್ಗೆ ಯೋಚಿಸಿಲ್ಲ.


ಕುಶಾಲನಗರ ನೆಟ್‌ವರ್ಕ್

ಎಲ್ಲರೂ ಬೀಗ ತೆರೆಯಿರಿ ಅನ್ನುತ್ತಿದ್ದೀರಿ. ನಾನು ಕಂಪ್ಯೂಟರ್ ಭದ್ರತೆಯ ಕೆಲಸದಲ್ಲಿದ್ದೇನೆ, ಇನ್ನೊಂದು ಮುಖವನ್ನೂ ನೋಡಿ. 2017ರಲ್ಲಿ ಅಮೆರಿಕದಲ್ಲಿ ಸುಮಾರು 4 ಲಕ್ಷ 65 ಸಾವಿರ ಪೇಸ್‌ಮೇಕರ್‌ಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಬೇಕಾಯಿತು. ಹತ್ತಿರ ಇರುವ ಯಾರಾದರೂ ರೇಡಿಯೋ ಮೂಲಕ ಒಳಗೆ ನುಗ್ಗಿ ಬ್ಯಾಟರಿ ಖಾಲಿ ಮಾಡಬಹುದು, ಬಡಿತದ ವೇಗ ಬದಲಿಸಬಹುದು ಅನ್ನುವ ದೋಷ ಅದರಲ್ಲಿತ್ತು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೆನಿ ಇದೇ ಭಯಕ್ಕೆ 2007ರಲ್ಲಿ ತಮ್ಮ ಹೃದಯದ ಉಪಕರಣದ ವೈರ್‌ಲೆಸ್ ಭಾಗವನ್ನೇ ಬಂದ್ ಮಾಡಿಸಿದ್ದರು. ಬೀಗದ ಕೈ ಕಂಡಕಂಡವರಿಗೆ ಹಂಚುವಂಥದ್ದಲ್ಲ.


ಸಿದ್ದಾಪುರದವ

ನಿಮ್ಮ ಮಾತು ಸರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಯಾರು ಬೇಕಾದರೂ ಫೋನಿನಿಂದ ಪೇಸ್‌ಮೇಕರ್ ತೆರೆಯಲಿ ಅಂತ ನಾನು ಕೇಳುತ್ತಿಲ್ಲ. ಒಳಗೆ ಆದೇಶ ಕಳಿಸುವ ದಾರಿಗೆ ಬೀಗ ಇರಲಿ, ಗಟ್ಟಿಯಾಗಿಯೇ ಇರಲಿ. ಆದರೆ ನನ್ನ ಯಂತ್ರ ನನ್ನ ಬಗ್ಗೆ ಬರೆದಿಟ್ಟುಕೊಂಡ ಲೆಕ್ಕ ನನಗೆ ಓದಲು ಸಿಗಬೇಕು. ವೈರು, ಬ್ಯಾಟರಿ, ಕಾಯಿಲ್ ಥರದ ಹೊರಗಿನ ಭಾಗ ಯಾವ ಕಂಪನಿಯದಾದರೂ ಹೊಂದುವ ಹಾಗಿರಬೇಕು. ಕಂಪನಿ ಮುಚ್ಚಿದರೆ ಅದರ ನಕ್ಷೆ, ಸಾಫ್ಟ್‌ವೇರ್, ಬೀಗದ ಕೈ ಎಲ್ಲವೂ ಸರ್ಕಾರಿ ಸಂಸ್ಥೆಯೊಂದಕ್ಕೆ ಹೋಗಬೇಕು, ಮಾರಲು ಅನುಮತಿ ಕೊಡುವಾಗಲೇ ಆ ಕರಾರು ಆಗಬೇಕು. ಆರ್ಗಸ್ ಹಾಕಿಸಿಕೊಂಡವರಿಗೆ ಇಷ್ಟು ಇದ್ದಿದ್ದರೂ ಸಾಕಿತ್ತು. ಅವರ ಉಪಕರಣ ಯಾರೋ ಕಳ್ಳ ನುಗ್ಗಿ ಹಾಳಾಗಲಿಲ್ಲ. ಕೆಟ್ಟದ್ದು ಸರಿಯಾಗದೆ ಉಳಿದದ್ದು ನೋಡಿಕೊಳ್ಳುವವರು ಎದ್ದು ಹೋದದ್ದರಿಂದ.

ಪೊನ್ನಂಪೇಟೆ ತಮ್ಮನಿಗೆ ಒಂದು ಮಾತು. ಮೆದುಳಿನ ಒಳಗಿನ ತಂತಿಗಿಂತ ಹೊರಗಿನ ಲೆಕ್ಕಾಚಾರಕ್ಕೆ ಶಕ್ತಿ ಜಾಸ್ತಿ ಅಂದೆಯಲ್ಲ, ನನಗೆ ಆತಂಕ ಆದದ್ದು ಅಲ್ಲಿಯೇ. ತಂತಿ ನನ್ನ ತಲೆಯಲ್ಲಿ, ಲೆಕ್ಕಾಚಾರ ಬೇರೆಯವರ ಕಂಪ್ಯೂಟರ್‌ನಲ್ಲಿ. ಅವರು ಒಂದು ರಾತ್ರಿ ಅದನ್ನು ಬದಲಿಸಿದರೆ ಬೆಳಗ್ಗೆ ನನ್ನ ಕೈ ಬೇರೆ ಥರ ಆಡುತ್ತದೆ. ಒಳ್ಳೆಯದಕ್ಕೇ ಬದಲಿಸಲಿ, ನನ್ನನ್ನು ಕೇಳಿ ಬದಲಿಸಬೇಕು.


ಪೊನ್ನಂಪೇಟೆ ಇಂಜಿನಿಯರಿಂಗ್

ಒಪ್ಪಿದೆ ಅಣ್ಣ. ಕೇಳಿ ಬದಲಿಸಬೇಕು, ಬೇಡ ಅಂದರೆ ಹಳೆಯದಕ್ಕೆ ಮರಳಲು ಆಗಬೇಕು. ಇಂಜಿನಿಯರಿಂಗ್ ಲೆಕ್ಕದಲ್ಲಿ ಇದು ಕಷ್ಟವೇ ಅಲ್ಲ. ಹಳೆಯ ಆವೃತ್ತಿ ಇಟ್ಟುಕೊಂಡಿರಬೇಕು, ಅಷ್ಟೇ.


ಸೋಮವಾರಪೇಟೆ ಅಮ್ಮ

ಎಲ್ಲ ಓದಿದೆ. ಕಾನೂನು ಬರುವಾಗ ಬರಲಿ, ನನ್ನ ಮಗನಿಗೆ ಈ ಮಳೆಗಾಲವೇ ಮುಂದಿದೆ. ಮಗನ ಇಂಪ್ಲಾಂಟ್ ಹೊಂದಿಸುವ ಮ್ಯಾಪಿಂಗ್‌ಗೆ ಮೈಸೂರಿಗೆ ಹೋಗುವುದಿದೆ. ಏನೇನು ಕೇಳಿಕೊಂಡು ಬರಲಿ? ಗೊತ್ತಿರುವವರು ಹೇಳಿ.


ಮಾನಸಗಂಗೋತ್ರಿಯಲ್ಲಿ ಓದಿದವಳು

ಅಕ್ಕ, ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಈಗ ಆಡಿಯಾಲಜಿಸ್ಟ್ ಆಗಿದ್ದೇನೆ. ಊರು ನಾಪೋಕ್ಲು.

ಮೊದಲು ಮ್ಯಾಪ್‌ನ ಪ್ರತಿ ಕೇಳಿ. ಒಂದೊಂದು ಎಲೆಕ್ಟ್ರೋಡ್‌ಗೂ ಮಗುವಿಗೆ ಎಷ್ಟರಿಂದ ಕೇಳಲು ಶುರುವಾಗುತ್ತದೆ, ಎಷ್ಟಕ್ಕೆ ಜೋರಾಗುತ್ತದೆ ಅನ್ನುವ ಅಂಕಿಗಳು ಅದರಲ್ಲಿರುತ್ತವೆ. ಪ್ರೊಸೆಸರ್ ಕಳೆದರೆ ಅಥವಾ ಕೆಟ್ಟರೆ ಹೊಸದಕ್ಕೆ ಅದನ್ನೇ ತುಂಬಬೇಕು, ಇಲ್ಲದಿದ್ದರೆ ಮೊದಲಿಂದ ಶುರು. ಪ್ರಿಂಟ್ ತೆಗೆದುಕೊಂಡು ಫೋನಲ್ಲಿ ಫೋಟೋ ಕೂಡ ಇಟ್ಟುಕೊಳ್ಳಿ. ಬೇಕು ಅಂತ ಕೇಳಲು ಸಂಕೋಚ ಬೇಡ, ಅದು ನಿಮ್ಮ ಮಗನ ಕಿವಿ. ಈಗ ಕಿವಿಯಲ್ಲಿರುವ ಮಾಡೆಲ್‌ಗೆ ಇನ್ನೆಷ್ಟು ವರ್ಷ ಬಿಡಿಭಾಗ ಸಿಗುತ್ತದೆ ಅಂತ ಕೇಳಿ, ಬರೆದುಕೊಡಿ ಅನ್ನಿ. ವೈರು ಮತ್ತು ಕಾಯಿಲ್ ಒಂದೊಂದು ಹೆಚ್ಚಿಗೆ ತಂದು ಮನೆಯಲ್ಲಿಡಿ, ಮಳೆ ಹಿಡಿಯುವ ಮೊದಲೇ. ಡ್ರೈ ಬಾಕ್ಸ್‌ನ ಒಣಗಿಸುವ ಬಿಲ್ಲೆ ಕಾಲಕಾಲಕ್ಕೆ ಬದಲಿಸಬೇಕು, ನಮ್ಮ ಕಡೆ ಪ್ಯಾಕೆಟ್ ಮೇಲೆ ಬರೆದಿರುವುದಕ್ಕಿಂತ ಬೇಗ. ಒಳಗಿನ ಇಂಪ್ಲಾಂಟ್‌ನ ಹೆಸರು, ನಂಬರ್ ಇರುವ ಕಾರ್ಡ್ ಮಗನ ಶಾಲೆ ಬ್ಯಾಗಲ್ಲಿ ಯಾವಾಗಲೂ ಇರಲಿ. ಎಲ್ಲಾದರೂ ಬಿದ್ದು ಪೆಟ್ಟಾಗಿ ಎಂಆರ್‌ಐ ಮಾಡಬೇಕಾದರೆ, ಮ್ಯಾಗ್ನೆಟ್ ಇದೆ ಅಂತ ಸ್ಕ್ಯಾನ್ ಮಾಡುವವರಿಗೆ ಮೊದಲೇ ಗೊತ್ತಾಗಲೇಬೇಕು.

ಮ್ಯಾಪ್ ಕೊಡಲು ಯಾರಾದರೂ ಹಿಂದೆಮುಂದೆ ನೋಡಿದರೆ ನನಗೆ ಇಲ್ಲೇ ಬರೆಯಿರಿ, ಯಾವ ಅರ್ಜಿ ಹೇಗೆ ಕೊಡಬೇಕು ಅಂತ ನಾನೂ ವಕೀಲೆ ಅಕ್ಕನೂ ಸೇರಿ ಬರೆದುಕೊಡುತ್ತೇವೆ.